ಮಗಳಿಗೆ ಸಾವಿತ್ರಿ ಅಂತ ಹೆಸರಿಡಬಹುದಾ? ಸಾವಿತ್ರಿಯರೇ ಹೇಳಿ

ಪ್ರಶ್ನೆ

ಮೂರು ತಿಂಗಳ ಮಗಳಿಗೆ ನನ್ನ ಅಜ್ಜಿಯ ಹೆಸರಿಡಬೇಕು ಅಂತ ಆಸೆ. ಅಜ್ಜಿ ಸಾವಿತ್ರಿ ತೀರಿಕೊಂಡು ಒಂದು ವರ್ಷ ಆಯಿತು. "ಈ ಕಾಲದಲ್ಲಿ ಯಾರಮ್ಮ ಆ ಹೆಸರು ಇಡ್ತಾರೆ" ಅಂತಾರೆ ಅತ್ತೆ. ಜನನ ಪತ್ರದಲ್ಲಿ ಇನ್ನೂ ಹೆಸರು ಸೇರಿಸಿಲ್ಲ. ಶಾಲೆಯಲ್ಲಿ ಮಕ್ಕಳು ಕಾಡಿಸುತ್ತಾರಾ? ಕರೆಯಲು ಬೇರೆ ಹೆಸರು ಇಟ್ಟುಕೊಂಡರೆ ಸಾಕಾ? ಅದೇ ಹೆಸರಿನವರು ಹೇಳಿ.

ಸಾವಿತ್ರಿ, ಹಾಸನ

ಯಾವ ಹೆಸರಾದರೂ ಇಡಿ, ಇಂಗ್ಲಿಷ್ ಸ್ಪೆಲಿಂಗ್ ಮೊದಲು ತೀರ್ಮಾನ ಮಾಡಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಟಿ ಆದಮೇಲೆ ಎಚ್ ಇದೆ. ಪ್ಯಾನ್ ಕಾರ್ಡಿನಲ್ಲಿ ಎಚ್ ಇಲ್ಲ. ಆಧಾರ್ ಮಾಡಿಸುವ ದಿನ ಅತ್ತೆ ಜೊತೆಗಿದ್ದರು, ಹೆಸರು ಕೇಳಿದ್ದಕ್ಕೆ ಅವರೇ ಹೇಳಿಬಿಟ್ಟರು, ಅಲ್ಲಿ ನಾನು ಸಾವಿತ್ರಮ್ಮ. ಹದಿನಾಲ್ಕು ವರ್ಷ ಏನೂ ತೊಂದರೆ ಆಗಲಿಲ್ಲ. ಕೆಲಸ ಬಿಟ್ಟು ಪಿಎಫ್ ದುಡ್ಡು ಕೇಳಿದಾಗ ಶುರುವಾಯಿತು. 1,83,000 ರೂಪಾಯಿ ಹನ್ನೊಂದು ತಿಂಗಳು ಸಿಕ್ಕಿಹಾಕಿಕೊಂಡಿತು. ಛಾಪಾ ಕಾಗದ, ನೋಟರಿ ಸೇರಿ 350. ಎರಡು ಪತ್ರಿಕೆಗಳಲ್ಲಿ ಜಾಹೀರಾತು 2,600. ಓಡಾಟ ಬೇರೆ, ಒಂಬತ್ತು ಸಲ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವನದಲ್ಲಿ ಎರಡೇ ಅವಕಾಶ. ಮೊದಲನೇ ಸಲ ಟೈಪ್ ಮಾಡಿದವರು ವಿ ಜಾಗದಲ್ಲಿ ಡಬ್ಲ್ಯು ಹಾಕಿದರು. ಎರಡನೆಯದೂ ಖರ್ಚಾಯಿತು. ಈಗ ಸರಿ ಇದೆ, ಆದರೆ ಮತ್ತೆ ಎಲ್ಲಾದರೂ ತಪ್ಪು ಕಂಡರೆ ಅನ್ನೋ ಹೆದರಿಕೆ ಹೋಗಿಲ್ಲ.

ಹಳೆಯ ಹೆಸರು ಸಾವಿತ್ರಿ, ಬೆಂಗಳೂರು

ಇಡಬೇಡಿ. ನಾನು 22ನೇ ವಯಸ್ಸಿಗೆ ಬದಲಿಸಿಕೊಂಡೆ, ಇವತ್ತಿಗೂ ಪಶ್ಚಾತ್ತಾಪ ಇಲ್ಲ. ಕಾಲೇಜಿನಲ್ಲಿ ಸಿನಿಮಾಗೆ ಬರಲ್ಲ ಅಂದರೆ "ಸತಿ ಸಾವಿತ್ರಿ". ಹುಡುಗನೊಬ್ಬನ ಜೊತೆ ಮಾತಾಡಿದರೆ "ಇವಳಾ ಸಾವಿತ್ರಿ?" ಹಾಗೂ ತಪ್ಪು, ಹೀಗೂ ತಪ್ಪು. ಗೀತಾ, ಸುಮಾ ಅಂತ ಇದ್ದವರಿಗೆ ಯಾರೂ ಹೀಗೆ ಪರೀಕ್ಷೆ ಇಡುತ್ತಿರಲಿಲ್ಲ. ಅದು ಅಪ್ಪನ ತಾಯಿಯ ಹೆಸರು. ಬದಲಿಸಿದೆ ಅಂತ ಅಪ್ಪ ಮೂರು ತಿಂಗಳು ಮಾತು ಬಿಟ್ಟರು. ಈಗಲೂ ಫೋನಿನಲ್ಲಿ "ಸಾವೀ" ಅಂತಲೇ ಕರೆಯುತ್ತಾರೆ. ನಾನೂ ಓಗೊಡುತ್ತೇನೆ. ಅವರೊಬ್ಬರಿಗೆ ಮಾತ್ರ.

ಸಾವಿತ್ರಿ, ಧಾರವಾಡ

ಮೇಲಿನವರ ಮಾತು ಓದಿ ಸಂಕಟ ಆಯಿತು. ಯಾರೋ ನಾಲ್ಕು ಹುಡುಗರು ಆಡಿಕೊಂಡರು ಅಂತ ಅಜ್ಜಿಯ ಹೆಸರನ್ನೇ ಬಿಡುವುದಾ? ನಾನು 31 ವರ್ಷದಿಂದ ಒಂದೂ ತಪ್ಪಿಸದೆ ಕಾರಹುಣ್ಣಿಮೆ ದಿನ ವಟಸಾವಿತ್ರಿ ವ್ರತ ಮಾಡುತ್ತಿದ್ದೇನೆ. 2009ರಲ್ಲಿ ನಮ್ಮ ಮನೆಯವರಿಗೆ ಹೃದಯದ ಆಪರೇಷನ್ ಆಯಿತು. ಹದಿನೇಳು ದಿನ ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಮಲಗಿದೆ. ಎರಡು ಬಳೆ, ಒಂದು ಸರ ಅಡವಿಟ್ಟೆ, ಸರ ಮತ್ತೆ ಬಿಡಿಸಿಕೊಳ್ಳಲು ಆಗಲೇ ಇಲ್ಲ. ಅವರು ನಡೆದುಕೊಂಡು ಮನೆಗೆ ಬಂದರು. ನನ್ನ ಹೆಸರು ನನ್ನನ್ನು ಕಾಪಾಡಿತು ಅಂತ ನಾನು ನಂಬುತ್ತೇನೆ. ಇಡಿ, ಧೈರ್ಯವಾಗಿ ಇಡಿ.

ಸಾವಿತ್ರಮ್ಮ, ಮೈಸೂರು

ಧಾರವಾಡದ ಅಕ್ಕನವರೇ, ನಿಮ್ಮ ಯಜಮಾನರು ಚೆನ್ನಾಗಿರಲಿ. ಆದರೆ ಹೆಸರು ಕಾಪಾಡಿತು ಅಂತ ಬರೆಯಬೇಡಿ. ನಾನೂ ವ್ರತ ಮಾಡಿದವಳೇ, ಹನ್ನೆರಡು ವರ್ಷ. ನನ್ನವರು 43ಕ್ಕೆ ಹೋದರು. ಕಾರ್ಯದ ಮನೆಯಲ್ಲಿ, ನನಗೆ ಕೇಳಿಸುವ ಹಾಗೆ, ಓರಗಿತ್ತಿ ಹೇಳಿದಳು: "ಹೆಸರೇನೋ ಸಾವಿತ್ರಿ, ಗಂಡನ್ನ ಉಳಿಸಿಕೊಳ್ಳೋಕೆ ಆಗಲಿಲ್ಲ." ಇಪ್ಪತ್ತು ವರ್ಷ ಆಯಿತು. ಆ ಮಾತು ನೆನಪಾದರೆ ಈಗಲೂ ಅನ್ನ ಇಳಿಯಲ್ಲ.

ಆಮೇಲೆ ಮಗಳು, ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆ ಬಗ್ಗೆ ಓದಿ ಹೇಳಿದಳು. 1890ರಲ್ಲಿ ಗಂಡ ಜ್ಯೋತಿಬಾ ತೀರಿಕೊಂಡಾಗ ಶವಯಾತ್ರೆಯಲ್ಲಿ ಮಡಕೆ ಹಿಡಿದು ಮುಂದೆ ನಡೆದವರು ಅವರೇ. ಹೆಂಗಸು ಸ್ಮಶಾನಕ್ಕೆ ಹೋಗುವುದೇ ತಪ್ಪು ಅನ್ನುವ ಕಾಲ ಅದು. ಆಮೇಲೂ ಆರು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದರು. ಪುಣೆಯಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆ ಮಾಡುತ್ತಲೇ ಸೋಂಕು ತಗುಲಿ 1897ರ ಮಾರ್ಚ್ 10ರಂದು ಹೋದರು. ಗಂಡನನ್ನು ಕಳೆದುಕೊಂಡ ಸಾವಿತ್ರಿಯೂ ಸಾವಿತ್ರಿಯೇ ಅಲ್ವಾ? ನನಗೆ ಇದು ಗೊತ್ತಾಗುವಷ್ಟರಲ್ಲಿ 50 ದಾಟಿತ್ತು.

ಸಾವಿತ್ರಿ, ಧಾರವಾಡ

ನಿಮ್ಮನ್ನು ನೋಯಿಸಬೇಕು ಅಂತ ಬರೆದಿದ್ದಲ್ಲ. ನನ್ನ ನಂಬಿಕೆ ನಾನು ಹೇಳಿದೆ. ಅದನ್ನೂ ಹೇಳಬಾರದು ಅಂದರೆ ಹೇಗೆ?

ಹಳೆಯ ಹೆಸರು ಸಾವಿತ್ರಿ, ಬೆಂಗಳೂರು

ನಿಮ್ಮ ನಂಬಿಕೆಯ ಇನ್ನೊಂದು ತುದಿಯಲ್ಲೇ ಆ ಓರಗಿತ್ತಿಯ ಮಾತು ಇದೆ ರೀ. ಗಂಡ ಉಳಿದರೆ ಹೆಸರಿನ ಪುಣ್ಯ, ಹೋದರೆ ಹೆಂಡತಿಯ ಪಾಪ. ಅದಕ್ಕೇ ನಾನು ಆ ಹೆಸರು ಬಿಟ್ಟಿದ್ದು.

ಸಾವಿತ್ರಿ, ಶಿವಮೊಗ್ಗ

ಎರಡೂ ಕಡೆಯವರು ಕಥೆಯನ್ನೇ ಸರಿಯಾಗಿ ಓದಿಲ್ಲ. ನಾನು 28 ವರ್ಷ ಕನ್ನಡ ಪಾಠ ಮಾಡಿದ್ದೇನೆ. ಮಹಾಭಾರತದ ವನಪರ್ವದಲ್ಲಿ ಸಾವಿತ್ರಿ ಅಳುತ್ತಾ ಕೂರುವುದಿಲ್ಲ. ಅವಳ ತೇಜಸ್ಸಿಗೆ ಹೆದರಿ ಯಾವ ರಾಜಕುಮಾರನೂ ಕೇಳಲು ಬರಲಿಲ್ಲ. ಅಪ್ಪ ಅಶ್ವಪತಿಯೇ "ನೀನೇ ಹುಡುಕಿಕೋ" ಅಂತ ಕಳಿಸುತ್ತಾನೆ. ಸತ್ಯವಾನನಿಗೆ ಇನ್ನೊಂದೇ ವರ್ಷ ಆಯಸ್ಸು ಅಂತ ನಾರದ ಹೇಳಿದರೂ ಆಯ್ಕೆ ಬದಲಿಸುವುದಿಲ್ಲ. ಯಮನ ಹಿಂದೆ ನಡೆಯುತ್ತಾ ಒಂದೊಂದೇ ವರ ಕೇಳುತ್ತಾಳೆ. ಮಾವನಿಗೆ ಕಣ್ಣು, ಆಮೇಲೆ ರಾಜ್ಯ, ಅಪ್ಪನಿಗೆ ನೂರು ಗಂಡು ಮಕ್ಕಳು. ಕೊನೆಗೆ ಸತ್ಯವಾನನಿಂದ ತನಗೂ ನೂರು ಮಕ್ಕಳು. ಅದನ್ನು ಕೊಟ್ಟಮೇಲೆ ಗಂಡನನ್ನು ಹೇಗೆ ಒಯ್ಯುವುದು? ಇದು ಬುದ್ಧಿವಂತೆಯ ಹೆಸರು. ಶಾಲೆಯಲ್ಲಿ ನಾನು ಕಥೆ ಹೇಳುವಾಗ ಸಾವಿತ್ರಿ ಅನ್ನೋ ಹುಡುಗಿ ಇದ್ದರೆ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಇನ್ನೊಂದು. ಪರಮವೀರ ಚಕ್ರದ ವಿನ್ಯಾಸ ಮಾಡಿದವರು ಸಾವಿತ್ರಿ ಖಾನೋಲ್ಕರ್. ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿದವರು, ಮೊದಲ ಹೆಸರು ಈವ್. ಭಾರತೀಯ ಸೇನೆಯ ಅಧಿಕಾರಿಯನ್ನು ಮದುವೆಯಾದಮೇಲೆ ಬಂದ ಹೆಸರು ಸಾವಿತ್ರಿ. ದೂರದೇಶದವರು ಹೊತ್ತುಕೊಂಡ ಹೆಸರನ್ನು ನಾವು ಹಳತು ಅಂತ ಬಿಸಾಡುತ್ತಿದ್ದೇವೆ.

ಹಳೆಯ ಹೆಸರು ಸಾವಿತ್ರಿ, ಬೆಂಗಳೂರು

ಮದುವೆಯಾದಮೇಲೆ ಬಂದ ಹೆಸರು! ಅವರೂ ಒಂದು ಹೆಸರು ಬಿಟ್ಟರಲ್ಲ ಮೇಡಂ. ಅವರು ಬಿಟ್ಟರೆ ಗೌರವ, ನಾನು ಬಿಟ್ಟರೆ ಬಿಸಾಡಿದ್ದಾ? ಮತ್ತೆ ಧಾರವಾಡದವರು ಮರಕ್ಕೆ ಸುತ್ತುತ್ತಾರೋ, ಮಾರುಕಟ್ಟೆಯಲ್ಲಿ ಆಲದ ಕೊಂಬೆ ತರುತ್ತಾರೋ? ನಮ್ಮ ಬೀದಿಯಲ್ಲಿ ಪ್ರತಿ ವರ್ಷ ಕೊಂಬೆ ಕಡಿದು ಮಾರುತ್ತಾರೆ. ಮರದ ಆಯಸ್ಸು ಕಡಿದು ಗಂಡನ ಆಯಸ್ಸು ಕೇಳುವುದು ನನಗೆ ನೋಡಲಾಗುವುದಿಲ್ಲ.

ಸಾವಿತ್ರಿ, ಧಾರವಾಡ

ಕೊಂಬೆ ತರುವವರನ್ನು ನನ್ನ ಜೊತೆ ಸೇರಿಸಬೇಡಿ! ನಮ್ಮ ಓಣಿಯ ಆಲದ ಮರಕ್ಕೆ ನಾನೇ ಕಟ್ಟೆ ಕಟ್ಟಿಸಿದ್ದೇನೆ. 2014ರಲ್ಲಿ, 18,500 ರೂಪಾಯಿ, ಮೇಸ್ತ್ರಿ ಮುಂಗಡ ತಗೊಂಡು ಎರಡು ತಿಂಗಳು ಬರಲೇ ಇಲ್ಲ. ರಸ್ತೆ ಅಗಲ ಮಾಡಲು ಬಂದಾಗ ಮರದ ಮುಂದೆ ನಿಂತ ನಾಲ್ವರಲ್ಲಿ ನಾನೂ ಒಬ್ಬಳು. ಮರ ಇನ್ನೂ ಇದೆ.

ಸಾವಿತ್ರಮ್ಮ, ಮೈಸೂರು

ಇದನ್ನು ಮೊದಲೇ ಹೇಳಬಾರದಿತ್ತಾ ಅಕ್ಕ?

ಪ್ರಶ್ನೆ ಕೇಳಿದವರು

ಎಲ್ಲಾ ಓದಿದೆ. ಅತ್ತೆಗೂ ಓದಿ ಹೇಳಿದೆ, ಮೈಸೂರಿನ ಅಮ್ಮನ ಮಾತಿಗೆ ಅವರು ಸುಮ್ಮನಾದರು. ಹೆಸರು ಇನ್ನೂ ತೀರ್ಮಾನ ಆಗಿಲ್ಲ. ಶಾಲೆಯಲ್ಲಿ ಕಾಡಿಸುತ್ತಾರಾ ಅಂತ ಕೇಳಿದ್ದೆ, ಈಗ ಶಾಲೆಗೆ ಹೋಗುವ ಸಾವಿತ್ರಿ ಯಾರಾದರೂ ಇದ್ದಾರಾ?

ಸಾವಿತ್ರಿ, ಹಾಸನ

ಹೆಸರು ಸೇರಿಸಲು ಹೋಗುವಾಗ ಇಂಗ್ಲಿಷ್ ಅಕ್ಷರ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಎಚ್ ಬೇಕೋ ಬೇಡವೋ ಮನೆಯಲ್ಲೇ ನೋಡಿಕೊಳ್ಳಿ. ನೋಂದಣಿಯಾಗಿ ಒಂದು ವರ್ಷದ ಒಳಗೆ ಸೇರಿಸಿದರೆ ಶುಲ್ಕ ಇಲ್ಲ. ಪತ್ರ ಕೈಗೆ ಬಂದಾಗ ಅಲ್ಲೇ ನಿಂತು ಒಂದೊಂದೇ ಅಕ್ಷರ ಓದಿ, ಹಿಂದೆ ಸಾಲಿನಲ್ಲಿರುವವರು ಬೈದರೂ ಸರಿ.