ಜಾಮೀನು ಸಹಿ ಕೇಳಿದ್ದಾರೆ. ಸತ್ಯವೇದ ದಿನಾ ಓದಿದರೂ ಇಂಥ ವಿಷಯಕ್ಕೆ ದಾರಿ ಕಾಣುವುದು ಹೇಗೆ?

ಜೆಪ್ಪು_ಮನೆ

ಎಲ್ಲರಿಗೂ ವಂದನೆ. ನಾನು ಮಂಗಳೂರಿನವಳು, ಜೆಪ್ಪು ಕಡೆ ಮನೆ, ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ನಮ್ಮದು ಬಾಸೆಲ್ ಮಿಷನ್ ಕಾಲದಿಂದ ಬಂದ ಕುಟುಂಬ, ಮುತ್ತಜ್ಜ ಇಲ್ಲಿಯ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮನೆಯಲ್ಲಿ ತುಳು, ಸತ್ಯವೇದ ಓದುವುದು ಮಾತ್ರ ಕನ್ನಡದಲ್ಲಿ.

ವಿಷಯ ಏನಂದ್ರೆ, ಚಿಕ್ಕಮ್ಮನ ಮಗ ಪಿಕಪ್ ಗಾಡಿಗೆ ಅಂತ ಸೊಸೈಟಿಯಲ್ಲಿ 4 ಲಕ್ಷ ಸಾಲ ತೆಗೆಯುತ್ತಿದ್ದಾನೆ. ಇಬ್ಬರು ಜಾಮೀನುದಾರರು ಬೇಕಂತೆ. ಒಬ್ಬರು ಸಿಕ್ಕಿದ್ದಾರೆ, ಇನ್ನೊಂದು ಸಹಿ ನನ್ನದು ಅಂತ ಅವರೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಅವನು ಒಳ್ಳೆಯ ಹುಡುಗ. ಆದರೆ ಹಿಂದೆ ಒಂದು ಸಾಲದ ಕಂತು ಸರಿಯಾಗಿ ಕಟ್ಟಲಿಲ್ಲ ಅಂತ ನನಗೆ ಗೊತ್ತು. ಚಿಕ್ಕಮ್ಮ ನನ್ನನ್ನು ಎತ್ತಿ ಆಡಿಸಿದವರು. ಇಲ್ಲ ಅನ್ನಲು ಬಾಯಿ ಬರುತ್ತಿಲ್ಲ.

ನಾನು ದಿನಾ ಬೆಳಿಗ್ಗೆ ಒಂದು ಅಧ್ಯಾಯ ಓದುತ್ತೇನೆ, ಇದು ಅಜ್ಜಿ ಮಾಡಿಸಿದ ಅಭ್ಯಾಸ. ಆದರೆ ಬಸ್ಸು ಹಂಪನಕಟ್ಟೆ ಮುಟ್ಟುವಾಗ ಏನು ಓದಿದೆ ಅಂತಲೇ ನೆನಪಿರುವುದಿಲ್ಲ. ಹಾಗಾಗಿ ಈ ವಾರ ಪ್ರಾರ್ಥನೆ ಮಾಡಿ, ಕಣ್ಣು ಮುಚ್ಚಿ ಪುಸ್ತಕ ತೆರೆದೆ. ಮೊದಲ ದಿನ ಫಿಲಿಪ್ಪಿಯವರಿಗೆ ಬರೆದ ಪತ್ರದ 4:13 ಸಿಕ್ಕಿತು, ನನಗೆ ಬಲ ಕೊಡುವವನಲ್ಲಿ ಎಲ್ಲವನ್ನೂ ಮಾಡಬಲ್ಲೆ ಅನ್ನುವ ವಚನ. ಸಹಿ ಹಾಕು ಅಂತ ದೇವರೇ ಹೇಳಿದ ಹಾಗಾಯಿತು. ಮರುದಿನ ಜ್ಞಾನೋಕ್ತಿ 6 ಬಂತು, ಅಲ್ಲಿ ಬಲೆಗೆ ಬಿದ್ದವನ ಮಾತು, ಹೆದರಿದೆ. ಮೂರನೇ ದಿನ ಪೂರ್ವಕಾಲವೃತ್ತಾಂತದ ಹೆಸರುಗಳ ಪಟ್ಟಿ. ಕೂತು ಅತ್ತೆ.

ನೀವೆಲ್ಲ ಹೇಗೆ ಓದುತ್ತೀರಿ? ಹಣ, ಮನೆ, ಆಫೀಸು, ಇಂಥದ್ದಕ್ಕೆ ವಾಕ್ಯ ಕೈಗೆ ಸಿಗುವ ಹಾಗೆ ಓದುವುದು ಹೇಗೆ? ಪ್ರಾರ್ಥನೆ ಮಾಡಿ ಅಂತ ಮಾತ್ರ ಹೇಳಬೇಡಿ, ಅದನ್ನು ಮಾಡುತ್ತಲೇ ಇದ್ದೇನೆ.

ಉಡುಪಿ_ನಿವೃತ್ತ

ತಂಗಿ, ನಾನು ಬ್ಯಾಂಕಿನ ಸಾಲ ವಿಭಾಗದಲ್ಲೇ ಜಾಸ್ತಿ ವರ್ಷ ಕಳೆದವನು. ಮೊದಲು ಜಾಮೀನಿನ ಮಾತು, ಓದುವ ಮಾತು ಆಮೇಲೆ.

ನೀವು ಎರಡನೇ ದಿನ ತೆರೆದ ಜ್ಞಾನೋಕ್ತಿ 6ರಲ್ಲಿ ಇರುವುದು ನಿಮ್ಮ ವಿಷಯವೇ. ಅಲ್ಲಿ ಮಾತ್ರ ಅಲ್ಲ, 11:15, 17:18, 22:26-27, ಆ ಪುಸ್ತಕದಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಕನ್ನಡದಲ್ಲಿ ‘ಹೊಣೆ’ ಅಂತ ಇದೆ, ನಾವು ಅದನ್ನು ಸುಮ್ನೆ ಜವಾಬ್ದಾರಿ ಅಂತ ಓದಿಕೊಂಡು ಮುಂದೆ ಹೋಗುತ್ತೇವೆ. ಅದು ಜಾಮೀನು. ತೀರಿಸಲು ನಿನ್ನಲ್ಲಿ ಏನೂ ಇಲ್ಲದಿದ್ದರೆ ನೀನು ಮಲಗಿದ ಹಾಸಿಗೆಯನ್ನೇ ಎಳೆದುಕೊಂಡು ಹೋದಾರು, ಯಾಕೆ ಬೇಕು ಅಂತ 22:27 ಕೇಳುತ್ತದೆ. ನಮ್ಮ ಕಾನೂನೂ ಅದನ್ನೇ ಹೇಳುತ್ತದೆ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಒಪ್ಪಂದದಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಅವನನ್ನು ಮೊದಲು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಅಂತ ನೀವು ಹೇಳುವ ಹಾಗಿಲ್ಲ.

ಇದೆಲ್ಲ ಗೊತ್ತಿದ್ದ ನಾನೇ ಒಬ್ಬ ಸಹೋದ್ಯೋಗಿಗೆ ಸಹಿ ಹಾಕಿದೆ. ಅವನಿಗೆ ವರ್ಗವಾಯಿತು, ಕಂತು ನಿಂತಿತು, ಮೂರು ವರ್ಷ ನನ್ನ ಸಂಬಳದಲ್ಲಿ ಹಿಡಿದರು. ಮಗಳ ಕಾಲೇಜಿಗೆ ಇಟ್ಟ ಹಣ ಅಲ್ಲಿಗೆ ಹೋಯಿತು. ಆಮೇಲೆ ಬಹಳ ದಿನ ಯಾರಿಗೂ ಸಹಾಯವೇ ಮಾಡಬಾರದು ಅಂತ ಕಲ್ಲಾಗಿ ಕೂತಿದ್ದೆ, ಅದಕ್ಕೆ ಇದೇ ವಚನಗಳನ್ನು ಆಧಾರ ಮಾಡಿಕೊಂಡೆ. ಅದೂ ತಪ್ಪೇ.

ಯಾಕೆ ತಪ್ಪು ಅಂತ ತಿಳಿದದ್ದು ಆದಿಕಾಂಡ ಓದುವಾಗ. 43:9ರಲ್ಲಿ ಯೆಹೂದ ತನ್ನ ತಮ್ಮ ಬೆನ್ಯಾಮೀನನಿಗೆ ತಾನೇ ಹೊಣೆ ಅನ್ನುತ್ತಾನೆ. ಮುಂದಿನ ಅಧ್ಯಾಯದಲ್ಲಿ ಹುಡುಗ ಸಿಕ್ಕಿಬಿದ್ದಾಗ, ಇವನ ಬದಲು ನನ್ನನ್ನು ದಾಸನಾಗಿ ಇಟ್ಟುಕೊಳ್ಳಿ ಅಂತ ಮುಂದೆ ಬಂದು ನಿಲ್ಲುತ್ತಾನೆ. ಪೌಲನೂ ಫಿಲೆಮೋನನಿಗೆ, ಒನೇಸಿಮನು ಏನಾದರೂ ಕೊಡಬೇಕಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಬರೆದುಕೋ, ನಾನೇ ತೀರಿಸುತ್ತೇನೆ ಅಂತ ಸ್ವಂತ ಕೈಯಲ್ಲಿ ಬರೆದು ಕೊಡುತ್ತಾನೆ. ಹಾಗಾದರೆ ಹೊಣೆಯಾಗುವುದೇ ತಪ್ಪಲ್ಲ, ಅಲ್ವಾ? ಅವರಿಬ್ಬರೂ ತಾವೇ ಕೊಡಲು ತಯಾರಾಗಿ ನಿಂತವರು. ನಾನು ದಾಕ್ಷಿಣ್ಯಕ್ಕೆ ಸಹಿ ಹಾಕಿದವನು, ಕೊಡುವ ಮನಸ್ಸು ಒಂದು ದಿನವೂ ಇರಲಿಲ್ಲ. ನೀವು ಕೇಳಿಕೊಳ್ಳಬೇಕಾದದ್ದು ಇದು: ಅವನು ಕಟ್ಟದಿದ್ದರೆ 4 ಲಕ್ಷವನ್ನು ನಾನು ಬೈಯದೆ ಕಟ್ಟುತ್ತೇನಾ?

ಓದುವ ಬಗ್ಗೆ ಹೇಳುವುದಾದರೆ, ಜ್ಞಾನೋಕ್ತಿಯಲ್ಲಿ 31 ಅಧ್ಯಾಯ. ತಾರೀಕು ನೋಡಿ ಅದೇ ಅಧ್ಯಾಯ ಓದಿ. ಒಂದೆರಡು ವರ್ಷ ಹೀಗೆ ಓದಿದರೆ ಪುಸ್ತಕ ತೆರೆಯುವ ಮೊದಲೇ ಮಾತು ನೆನಪಿಗೆ ಬರುತ್ತದೆ.

ಶಂಕರಪುರ_ಮಲ್ಲಿಗೆ

ನಾವು ಕಥೋಲಿಕರು. ನಮ್ಮ ಬೈಬಲಿನಲ್ಲಿ 73 ಪುಸ್ತಕ, ನಿಮ್ಮ 66ರಲ್ಲಿ ಇಲ್ಲದ ಸಿರಾಖನ ಪುಸ್ತಕವೂ ಅದರಲ್ಲಿದೆ. ಅದರ 29ನೇ ಅಧ್ಯಾಯ ಓದಿ ನೋಡಿ ಅಕ್ಕ, ನಿಮಗಾಗಿಯೇ ಬರೆದ ಹಾಗಿದೆ. ಒಳ್ಳೆಯವನು ನೆರೆಯವನಿಗೆ ಹೊಣೆಯಾಗುತ್ತಾನೆ ಅಂತ ಒಂದು ಕಡೆ. ಹೊಣೆಯಾಗಿ ಚೆನ್ನಾಗಿದ್ದವರೂ ಹಾಳಾದರು, ಸಮುದ್ರದ ಅಲೆಯ ಹಾಗೆ ಅವರನ್ನು ಎತ್ತಿ ಹಾಕಿತು ಅಂತ ನಾಲ್ಕು ಸಾಲಿನ ಆಚೆ. ಕೊನೆಗೆ, ನಿನ್ನ ಶಕ್ತಿ ಇದ್ದಷ್ಟು ಸಹಾಯ ಮಾಡು, ಆದರೆ ನೀನೇ ಬೀಳದ ಹಾಗೆ ನೋಡಿಕೋ. ಮೂರೂ ಒಂದೇ ಅಧ್ಯಾಯದಲ್ಲಿ.

ನನ್ನ ಓದು ಅಧ್ಯಾಯದ ಲೆಕ್ಕದ್ದಲ್ಲ. ಬೆಳಿಗ್ಗೆ ಮೊಗ್ಗು ಕೊಯ್ದು ತಂದು, ಬಾಳೆ ನಾರಿನಲ್ಲಿ ಕಟ್ಟಲು ಕೂರುವ ಮೊದಲು ಆ ದಿನದ ಪೂಜೆಯ ವಾಚನ ಮೊಬೈಲಿನಲ್ಲಿ ನೋಡುತ್ತೇನೆ. ಅದರಲ್ಲಿ ಒಂದೇ ಸಾಲು ಹಿಡಿದುಕೊಳ್ಳುತ್ತೇನೆ. ಹೂವಿನ ಗಾಡಿ ಬರುವುದರೊಳಗೆ ಕೈ ಕಟ್ಟುತ್ತಾ ಇರುತ್ತದೆ, ಬಾಯಿ ಅದೇ ಸಾಲನ್ನು ಹೇಳುತ್ತಾ ಇರುತ್ತದೆ. ಮೋಸದ ತಕ್ಕಡಿ ದೇವರಿಗೆ ಅಸಹ್ಯ ಅನ್ನುವ ಸಾಲು ಹಿಡಿದ ದಿನ ಕೈ ನಿಂತೇ ಹೋಯಿತು. ಮಲ್ಲಿಗೆ ತೂಕದ್ದಲ್ಲ, ಎಣಿಕೆಯದ್ದು. ಚೆಂಡಿಗೆ ಹತ್ತಿಪ್ಪತ್ತು ಮೊಗ್ಗು ಕಡಿಮೆ ಹಾಕಿದರೆ ಯಾರು ಬಿಚ್ಚಿ ಎಣಿಸುತ್ತಾರೆ? ರೇಟು ಏರಿದ ದಿನಗಳಲ್ಲಿ ನಾನು ಹಾಗೆ ಮಾಡಿದ್ದಿದೆ. ಅವತ್ತಿನಿಂದ ಮಾಡಿಲ್ಲ.

ಇನ್ನೊಂದು. ನಮ್ಮ ಮಾವನಿಗೆ ಈಗ ನೆನಪು ನಿಲ್ಲುವುದಿಲ್ಲ, ಊಟ ಆಯ್ತಾ ಅಂತ ಊಟ ಮಾಡಿದ ಮೇಲೆಯೇ ಐದು ಸಲ ಕೇಳುತ್ತಾರೆ. ನಾನು ರೇಗುತ್ತಿದ್ದೆ. ಸಿರಾಖ 3:12-13ರಲ್ಲಿ, ತಂದೆಯ ಬುದ್ಧಿ ಕುಂದಿದರೂ ತಾಳ್ಮೆಯಿಂದಿರು, ನಿನಗೆ ಶಕ್ತಿ ಇದೆ ಅಂತ ಅವನನ್ನು ಹೀಗಳೆಯಬೇಡ ಅಂತ ಇದೆ. ಆ ಸಾಲನ್ನು ನಾನು ಒಂದು ದಿನಕ್ಕೆ ಬಿಡಲಿಲ್ಲ, ಒಂದು ವಾರ ಹೂವಿನ ಜೊತೆ ಕಟ್ಟಿದೆ. ಈಗಲೂ ಕೆಲವು ದಿನ ರೇಗುತ್ತೇನೆ. ಆದರೆ ಬಾಯಿ ತೆರೆಯುವ ಮೊದಲು ಆ ಸಾಲು ಬಂದು ನಿಲ್ಲುತ್ತದೆ.

ಮಲ್ಪೆ_ಇಂಜಿನ್

ನಾನು ಬೋಟಿನ ಇಂಜಿನ್ ಕೆಲಸದವನು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟುಗಳು ದಡದಲ್ಲಿರುವಾಗ ನಮಗೆ ಕೈತುಂಬ ಕೆಲಸ, ಉಳಿದ ಕಾಲದಲ್ಲಿ ಓದಲು ಪುರುಸೊತ್ತು ಸಿಗುತ್ತದೆ. ಸಭಾಪಾಲಕರು ಒಮ್ಮೆ ಹೇಳಿದ ಮಾತು ನನ್ನ ಓದನ್ನೇ ಬದಲಾಯಿಸಿತು. ಹಳೆ ಒಡಂಬಡಿಕೆಯಲ್ಲಿ ಜ್ಞಾನ ಅನ್ನುವುದಕ್ಕೆ ಇರುವ ಹೀಬ್ರೂ ಪದ ಹೊಖ್ಮಾ. ಅದೇ ಪದವನ್ನು ಕೈಕೆಲಸದ ಜಾಣ್ಮೆಗೂ ಹೇಳುತ್ತಾರೆ. ವಿಮೋಚನಕಾಂಡ 31ರಲ್ಲಿ ದೇವದರ್ಶನದ ಗುಡಾರದ ಕೆಲಸಕ್ಕೆ ಕರೆದ ಬೆಚಲೇಲನಿಗೆ ದೇವರು ಕೊಟ್ಟದ್ದು ಇದನ್ನೇ, ಚಿನ್ನ ಬೆಳ್ಳಿ ತಾಮ್ರ ಮರದ ಕೆಲಸ ಮಾಡುವ ಹೊಖ್ಮಾ. ಕೀರ್ತನೆ 107ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನವರು ಕುಡಿದವರ ಹಾಗೆ ತೂರಾಡುತ್ತಾರೆ, ಅವರ ಹೊಖ್ಮಾ ಎಲ್ಲ ಮುಗಿದುಹೋಗುತ್ತದೆ, ಆಗ ಕರ್ತನಿಗೆ ಮೊರೆಯಿಡುತ್ತಾರೆ. ಮಲ್ಪೆಯಲ್ಲಿ ಹುಟ್ಟಿದವನಿಗೆ ಅದನ್ನು ಬಿಡಿಸಿ ಹೇಳುವುದು ಬೇಡ.

ಹಾಗಾದರೆ ಜ್ಞಾನ ಅಂದರೆ ಕಸುಬು. ನಡುಸಮುದ್ರದಲ್ಲಿ ಇಂಜಿನ್ ನಿಂತಾಗ ಪುಸ್ತಕದ ಯಾವುದೋ ಪುಟ ತೆರೆದರೆ ಅದು ಚಾಲೂ ಆಗುತ್ತದಾ ಅಕ್ಕ? ಎಂಟು ವರ್ಷ ಗುರುವಿನ ಕೈಕೆಳಗೆ ಸ್ಪ್ಯಾನರ್ ಹಿಡಿದವನಿಗೆ ಶಬ್ದ ಕೇಳಿದರೆ ಸಾಕು, ತೊಂದರೆ ಎಲ್ಲಿ ಅಂತ ಗೊತ್ತಾಗುತ್ತದೆ. ವಾಕ್ಯವೂ ಹಾಗೆ ಕೈಗೆ ಹತ್ತಬೇಕು.

ಜ್ಞಾನೋಕ್ತಿ 26:4 ಮತ್ತು 5 ಓದಿ. ಮೂರ್ಖನಿಗೆ ಅವನ ಮೂರ್ಖತನದಂತೆ ಉತ್ತರ ಕೊಡಬೇಡ ಅಂತ ಒಂದರಲ್ಲಿ, ಕೊಡು ಅಂತ ಮರುಸಾಲಿನಲ್ಲಿ. ಒಂದರ ಕೆಳಗೆ ಒಂದು ಬೇಕೆಂದೇ ಇಟ್ಟಿದ್ದಾರೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಕೆಣಕಿದರೆ ನಾನು ಮೊದಲು ಈ ಎರಡನ್ನೂ ನೆನಪಿಸಿಕೊಳ್ಳುತ್ತೇನೆ, ಇವತ್ತು ಯಾವುದು ಅಂತ. ಹೆಚ್ಚಿನ ಸಲ 4ನೆಯದೇ ಸರಿ ಅನಿಸುತ್ತದೆ.

ಮತ್ತೆ ಫಿಲಿಪ್ಪಿ 4:13, ಅದರ ಹಿಂದಿನ ಎರಡು ವಚನ ಓದದೆ ಅದನ್ನು ಓದಬೇಡಿ. ಪೌಲ ಸೆರೆಯಲ್ಲಿ ಕೂತು ಬರೆದದ್ದು. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರುವುದನ್ನು ಕಲಿತಿದ್ದೇನೆ ಅಂತ. 4 ಲಕ್ಷಕ್ಕೆ ಸಹಿ ಹಾಕುವ ಬಲದ ಮಾತು ಅದಲ್ಲ.

ರಾತ್ರಿಪಾಳಿ_ಕಂಕನಾಡಿ

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಬೇಡಿ. ನಾನು ನರ್ಸ್. ನಮ್ಮ ಸಭೆಯಲ್ಲಿ ಹೊಸ ವರ್ಷದ ರಾತ್ರಿ ವಾಗ್ದಾನ ವಚನದ ಚೀಟಿ ತೆಗೆಯುತ್ತೇವೆ. ಅಪ್ಪ ತೀರಿಕೊಂಡ ವರ್ಷ ನನಗೆ ಬಂದದ್ದು ಯೆರೆಮೀಯ 29:11, ಹಿತದ ಯೋಚನೆಗಳು, ನಿರೀಕ್ಷೆ ಅನ್ನುವ ವಚನ. ಆ ಚೀಟಿ ಯೂನಿಫಾರ್ಮಿನ ಕಿಸೆಯಲ್ಲಿ ಒಂದು ವರ್ಷ ಇತ್ತು. ತನ್ನಷ್ಟಕ್ಕೆ ಸಿಕ್ಕಿದ ವಚನ ಏನೂ ಅಲ್ಲ ಅಂತ ನಾನು ಹೇಳಲಾರೆ.

ಆದರೆ ಇಂಜಿನ್ ಅಣ್ಣ ಹೇಳಿದ್ದೂ ನಿಜ. ಆಮೇಲೆ ಆ ಅಧ್ಯಾಯ ಪೂರ್ತಿ ಓದಿದಾಗ ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರ, 70 ವರ್ಷ ಕಾಯಬೇಕು ಅಂತ ಹಿಂದಿನ ವಚನದಲ್ಲೇ ಇದೆ, ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ಆ ಊರಿನ ಒಳಿತಿಗೆ ಪ್ರಾರ್ಥಿಸಿ ಅಂತ ಇದೆ. ವಚನ ಸಣ್ಣದಾಗಲಿಲ್ಲ. ನನ್ನ ದುಃಖಕ್ಕೆ ಇನ್ನೂ ಜಾಸ್ತಿ ಹತ್ತಿರ ಬಂತು.

ನನ್ನ ಕೆಲಸಕ್ಕೆ ದಾರಿ ತೋರಿಸಿದ್ದು ಯೋಬನ ಗೆಳೆಯರು. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಆಮೇಲೆ ಬಾಯಿ ತೆರೆದು ಕೆಡಿಸಿದರು. ವಾರ್ಡಿನಲ್ಲಿ ಯಾರಾದರೂ ಹೋದರೆ ನಾನು ಮನೆಯವರಿಗೆ ಏನೂ ವಿವರಿಸಲು ಹೋಗುವುದಿಲ್ಲ. ಕುರ್ಚಿ ಎಳೆದು ಕೊಡುತ್ತೇನೆ, ನೀರು ಕೊಡುತ್ತೇನೆ, ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಲ್ಲುತ್ತೇನೆ.

ಉಡುಪಿ_ನಿವೃತ್ತ

ನರ್ಸಮ್ಮ ಹೇಳಿದ್ದು ಒಪ್ಪಿದೆ. ಸಮಾಧಾನ ಯಾವ ಪುಟದಿಂದಲೂ ಬರಬಹುದು. ಸಹಿ ಹಾಕುವ ವಿಷಯಕ್ಕೆ ಮಾತ್ರ ಪುಸ್ತಕ ಪೂರ್ತಿ ಬೇಕು, ಜೊತೆಗೆ ಹಿಂದೆ ಏಟು ತಿಂದವರ ಮಾತೂ ಬೇಕು.

ಜೆಪ್ಪು_ಮನೆ

ಎಲ್ಲರಿಗೂ ತುಂಬ ಉಪಕಾರ. ನಾಲ್ಕು ದಿನ ಆಯಿತು, ಏನಾಯಿತು ಅಂತ ಹೇಳಲೇಬೇಕು.

ಉಡುಪಿ ಅಣ್ಣ ಕೇಳಿದ ಪ್ರಶ್ನೆಯನ್ನು ಕಾಗದದ ಮೇಲೆ ಬರೆದು ಅಮ್ಮನ ಜೊತೆ ಕೂತೆ. 4 ಲಕ್ಷ ನನ್ನಿಂದ ಸಾಧ್ಯವೇ ಇಲ್ಲ. ಹೋದರೂ ಪರವಾಗಿಲ್ಲ ಅಂತ ಮನಸ್ಸಾರೆ ಕೊಡಬಹುದಾದದ್ದು 40 ಸಾವಿರ. ಸಿರಾಖನ 29 ಮೊಬೈಲಿನಲ್ಲಿ ಹುಡುಕಿ ಅಮ್ಮನಿಗೆ ಓದಿ ಹೇಳಿದೆ. ನಮ್ಮ ಸತ್ಯವೇದದಲ್ಲಿ ಇಲ್ಲದಿದ್ದರೂ ಮಾತು ಸರಿಯಾಗಿದೆ ಅಂದರು.

ತಮ್ಮನಿಗೆ ನಾನೇ ಫೋನ್ ಮಾಡಿದೆ. ಸಹಿ ಹಾಕಲು ಆಗುವುದಿಲ್ಲ, ಈ 40 ಸಾವಿರ ಇಟ್ಟುಕೋ, ವಾಪಸ್ ಬೇಡ, ಸಾಲ ಅಷ್ಟು ಕಡಿಮೆ ತೆಗೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಯ್ತು ಅಕ್ಕ ಅಂತ ಹೇಳಿ ಇಟ್ಟ. ಚಿಕ್ಕಮ್ಮ ಮಾತ್ರ ಅವತ್ತಿನಿಂದ ಫೋನ್ ಎತ್ತುತ್ತಿಲ್ಲ. ಅದು ತುಂಬ ನೋಯುತ್ತಿದೆ.

ತಾರೀಕಿನ ಲೆಕ್ಕದಲ್ಲಿ ಓದಲು ಶುರು ಮಾಡಿದ್ದೇನೆ. ಇವತ್ತು 18. ಮನನೊಂದ ಸಹೋದರನನ್ನು ಒಲಿಸುವುದು ಕೋಟೆ ಗೆಲ್ಲುವುದಕ್ಕಿಂತ ಕಷ್ಟ ಅಂತ 19ನೇ ವಚನದಲ್ಲಿ ಇದೆ. ಬಸ್ಸಿನಲ್ಲಿ ಅದೊಂದನ್ನೇ ಹೇಳಿಕೊಂಡು ಹೋದೆ, ಹಂಪನಕಟ್ಟೆಯಲ್ಲಿ ಇಳಿಯುವಾಗಲೂ ಬಾಯಲ್ಲಿತ್ತು. ಭಾನುವಾರ ಆರಾಧನೆ ಮುಗಿಸಿ ಚಿಕ್ಕಮ್ಮನ ಮನೆಗೆ ಹೋಗುತ್ತೇನೆ. ಬಂಗುಡೆ ಪುಳಿಮುಂಚಿ ಅಂದರೆ ಅವರಿಗೆ ಜೀವ, ಅಮ್ಮ ಮಾಡಿ ಕೊಡುತ್ತೇನೆ ಅಂದಿದ್ದಾರೆ.

ಶಂಕರಪುರ_ಮಲ್ಲಿಗೆ

ಹೋಗಿ ಬನ್ನಿ ಅಕ್ಕ. ಬಾಗಿಲು ತೆರೆದ ಕೂಡಲೇ ಸಾಲದ ಮಾತು ಎತ್ತಬೇಡಿ, ಮೊದಲು ಊಟ ಆಗಲಿ.