ಅಡುಗೆ ನಾವೇ ಮಾಡಿಕೊಳ್ಳಬೇಕಾದ ಕಾಡಿನ ಲಾಡ್ಜಿಗೆ ಏನೇನು ಕೊಂಡೊಯ್ಯಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾವು ದಂಪತಿ, ನಾಲ್ಕು ಮತ್ತು ಒಂಬತ್ತು ವರ್ಷದ ಇಬ್ಬರು ಮಕ್ಕಳು ಹಾಗೂ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವ ನಮ್ಮ ಅತ್ತೆಯವರು ಐದು ದಿನ ಕಾಡಿನೊಳಗಿನ ಲಾಡ್ಜೊಂದರಲ್ಲಿ ಉಳಿಯಲಿದ್ದೇವೆ. ಅಲ್ಲಿ ಅಡುಗೆಮನೆ ಇದೆ, ಊಟ ಸಿಗುವುದಿಲ್ಲ, ಹತ್ತಿರದಲ್ಲಿ ಅಂಗಡಿಯೂ ಇಲ್ಲ. ಪಟ್ಟಿ ಬರೆದಷ್ಟೂ ಬೆಳೆಯುತ್ತಿದೆ. ಇಂತಹ ವಸತಿಗೃಹಗಳ ನಿರ್ವಹಣೆಯಲ್ಲಿರುವ ತಾವು ಎಲ್ಲಿಂದ ಆರಂಭಿಸಬೇಕೆಂದು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ ಮೇಡಂ. ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಲಾಡ್ಜಿನವರಿಗೆ ಫೋನ್ ಮಾಡಿ. ‘ಅಡುಗೆಮನೆ ಇದೆ’ ಎಂಬಷ್ಟರಿಂದ ನಿಮಗೆ ಬೇಕಾದ ಯಾವ ವಿಷಯವೂ ತಿಳಿಯುವುದಿಲ್ಲ. ಒಲೆ ಗ್ಯಾಸಿನದೋ ಸೌದೆಯದೋ, ಫ್ರಿಜ್ ದಿನವಿಡೀ ನಡೆಯುತ್ತದೆಯೋ ಜನರೇಟರ್ ಇರುವಷ್ಟು ಹೊತ್ತು ಮಾತ್ರವೋ, ನಲ್ಲಿಯ ನೀರು ಕುಡಿಯಲು ಯೋಗ್ಯವೋ, ಐದು ಜನರಿಗೆ ಸಾಲುವ ಪಾತ್ರೆ ಮತ್ತು ಹೊದಿಕೆಗಳಿವೆಯೋ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ವಿದ್ಯುತ್ತು ಸೌರಶಕ್ತಿಯದಾಗಿದ್ದರೆ ನಿಮ್ಮ ಎಲೆಕ್ಟ್ರಿಕ್ ಕೆಟಲನ್ನು ಮನೆಯಲ್ಲೇ ಬಿಡಿ. ಸಾಮಾನ್ಯವಾಗಿ 1500 ವ್ಯಾಟ್ ಅಥವಾ ಅದಕ್ಕೂ ಹೆಚ್ಚು ಎಳೆಯುವ ಅದನ್ನು ಸಣ್ಣ ಇನ್ವರ್ಟರ್ ತಾಳಿಕೊಳ್ಳಲಾರದು.

ಆಮೇಲೆ ಐದೂ ದಿನಗಳ ಊಟ–ತಿಂಡಿಯನ್ನು ಹೊತ್ತು ಹೊತ್ತಿಗೆ ಕಾಗದದ ಮೇಲೆ ಬರೆಯಿರಿ. ಸಾಮಾನಿನ ಪಟ್ಟಿ ಅದರಿಂದಲೇ ಹುಟ್ಟಬೇಕು, ಮನೆಯ ಕಪಾಟು ನೋಡಿ ಅಲ್ಲ. ಬೇಗ ಕೆಡುವ ಸೊಪ್ಪು, ಹಾಲು, ಮಾಂಸ ಮೊದಲ ಎರಡು ದಿನಕ್ಕೆ. ಗಟ್ಟಿ ತರಕಾರಿ ಮತ್ತು ಗೆಡ್ಡೆಗಳು ನಡುವಿಗೆ. ಧಾನ್ಯ, ಕಾಳು, ಹಾಲಿನ ಪುಡಿಯಂತಹ ಒಣ ಪದಾರ್ಥಗಳು ಕೊನೆಗೆ. ಪ್ರತಿ ಹೊತ್ತಿಗೆ ಬೇಕಾದಷ್ಟನ್ನೇ ಅಳೆದು ಬೇರೆ ಬೇರೆ ಚೀಲದಲ್ಲಿ ಕಟ್ಟಿ ಹೆಸರು ಬರೆದಿಟ್ಟರೆ ಭಾರವೂ ತಗ್ಗುತ್ತದೆ, ಅಡುಗೆಯ ಹೊತ್ತಿನ ಹುಡುಕಾಟವೂ ತಪ್ಪುತ್ತದೆ. ತಲುಪಿದ ಸಂಜೆಗೆ ಒಂದೇ ಪಾತ್ರೆಯಲ್ಲಿ ಮುಗಿಯುವ ಅಡುಗೆ ಇರಲಿ. ಮರ ಬಿದ್ದು ದಾರಿ ಮುಚ್ಚಿದರೂ ಚಿಂತೆಯಾಗದಂತೆ ಒಂದು ದಿನದ ಒಣ ಆಹಾರ ಹೆಚ್ಚಿಗೆ ಇಟ್ಟುಕೊಳ್ಳಿ.

ಬಂದವರು ನಮ್ಮಲ್ಲಿ ಕೇಳುವ ವಸ್ತುಗಳು ಬಹುಮಟ್ಟಿಗೆ ಇವೇ: ಹರಿತವಾದ ಚಾಕು, ಲೈಟರ್, ಉಪ್ಪು, ಡಬ್ಬಿ ತೆರೆಯುವ ಸಾಧನ, ಪಾತ್ರೆ ಉಜ್ಜುವ ನಾರು, ಒರೆಸುವ ಬಟ್ಟೆ. ಬಟ್ಟೆಬರೆಯನ್ನು ಮಾತ್ರ ಎಲ್ಲರೂ ಬೇಕಾದ್ದಕ್ಕಿಂತ ಹೆಚ್ಚು ತರುತ್ತಾರೆ.

ಪ್ರಶ್ನೆ: ವಿಚಾರಿಸಿದೆ ಸರ್. ಒಲೆ ಗ್ಯಾಸಿನದು. ಫ್ರಿಜ್ ಸಂಜೆ ನಾಲ್ಕು ಗಂಟೆಗಳ ಕಾಲ ಮಾತ್ರ ನಡೆಯುತ್ತದಂತೆ, ನೀರು ತೊರೆಯಿಂದ ಬರುತ್ತದಂತೆ. ಐಸ್‌ಬಾಕ್ಸ್ ಒಯ್ದರೆ ಸಾಕೇ?

ಉತ್ತರ: ಅಂತಹ ಫ್ರಿಜ್ಜನ್ನು ನಂಬಿ ಆಹಾರ ಒಯ್ಯಬೇಡಿ. ರೋಗಾಣುಗಳು ವೇಗವಾಗಿ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಆದ್ದರಿಂದ ಬೇಯಿಸಿದ ಆಹಾರ 2 ಗಂಟೆಗಿಂತ ಹೆಚ್ಚು ಹೊರಗಿರಬಾರದು. ಹವೆ 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಮಿತಿ. ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಬಿಸಿಮಾಡಿ ಮಕ್ಕಳಿಗೆ ಕೊಡುವ ಅಭ್ಯಾಸವನ್ನು ಅಲ್ಲಿ ಪೂರ್ತಿ ಬಿಡಿ, ಪ್ರತಿ ಹೊತ್ತೂ ಮುಗಿಯುವಷ್ಟೇ ಬೇಯಿಸಿ.

ಸಾಧ್ಯವಾದರೆ ಎರಡು ಐಸ್‌ಬಾಕ್ಸ್ ಇರಲಿ. ಮಕ್ಕಳು ಪದೇ ಪದೇ ತೆರೆಯುವ ಕುಡಿಯುವ ಪದಾರ್ಥಗಳಿಗೆ ಒಂದು, ಹಾಲು–ಮಾಂಸಕ್ಕೆ ಇನ್ನೊಂದು. ಬಿಡಿ ಐಸಿಗಿಂತ ನೀರಿನ ಬಾಟಲಿಗಳನ್ನೇ ಹೆಪ್ಪುಗಟ್ಟಿಸಿ ಒಯ್ಯುವುದು ಮೇಲು, ಏಕೆಂದರೆ ಅವು ನಿಧಾನವಾಗಿ ಕರಗುತ್ತವೆ, ಕರಗಿದ ನೀರನ್ನು ಕುಡಿಯಲೂಬಹುದು. ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುವುದರಿಂದ ಬಾಟಲಿಯ ಕುತ್ತಿಗೆಯವರೆಗೆ ತುಂಬಬೇಡಿ. ಹಸಿ ಮಾಂಸ ಸೋರದ ಡಬ್ಬಿಯಲ್ಲಿ, ತಳದಲ್ಲಿರಲಿ. ಮೂರನೆಯ ದಿನದಿಂದಾಚೆಗೆ ತಂಪು ಬೇಡುವ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬೇಡಿ.

ತೊರೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿ ಬಂದ ಮೇಲೆ 1 ನಿಮಿಷ ಕುದಿಸಿ. 2000 ಮೀಟರಿಗಿಂತ ಎತ್ತರದಲ್ಲಿ ನೀರು ಕಡಿಮೆ ಉಷ್ಣತೆಗೇ ಕುದಿಯುವುದರಿಂದ 3 ನಿಮಿಷ ಬೇಕು. ಇದಕ್ಕಾಗಿ ಮುಚ್ಚಳವಿರುವ ದೊಡ್ಡ ಪಾತ್ರೆಯೊಂದನ್ನು ಬೇರೆಯಾಗಿಯೇ ಒಯ್ಯಿರಿ.

ಪ್ರಶ್ನೆ (ಮತ್ತೊಬ್ಬ ಸದಸ್ಯರಿಂದ): ಔಷಧಿ ಮತ್ತು ಪ್ರಾಣಿಗಳ ವಿಚಾರದಲ್ಲಿ ಯಾವ ಸಿದ್ಧತೆ ಬೇಕು?

ಉತ್ತರ: ಹಿರಿಯರ ನಿತ್ಯದ ಮಾತ್ರೆಗಳನ್ನು ಎರಡು ಪಾಲು ಮಾಡಿ ಎರಡು ಬೇರೆ ಬ್ಯಾಗುಗಳಲ್ಲಿಡಿ, ಕೆಲವು ದಿನಕ್ಕೆ ಹೆಚ್ಚಿಗೆ ಇರಲಿ, ವೈದ್ಯರ ಚೀಟಿಯ ಪ್ರತಿಯೂ ಜೊತೆಗಿರಲಿ. ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ಬ್ಯಾಂಡೇಜ್, ಮಕ್ಕಳ ತೂಕಕ್ಕೆ ತಕ್ಕಂತೆ ವೈದ್ಯರು ಬರೆದುಕೊಟ್ಟ ಜ್ವರದ ಔಷಧಿ, ಇಷ್ಟರ ಜೊತೆಗೆ ತುದಿ ಚೂಪಾದ ಚಿಮುಟವೊಂದು ಅಗತ್ಯ. ಉಣ್ಣಿ ಕಚ್ಚಿಕೊಂಡರೆ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಬೇಕು. ಎಣ್ಣೆ ಸುರಿಯುವುದಾಗಲಿ ಬೆಂಕಿ ತಾಗಿಸುವುದಾಗಲಿ ಕೂಡದು. ಹತ್ತಿರದ ಆಸ್ಪತ್ರೆಯ ವಿಳಾಸ ಮತ್ತು ದಾರಿಯನ್ನು ಕಾಗದದಲ್ಲಿ ಬರೆದಿಡಿ, ಕಾಡಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದೆಯೇ ಇರಬಹುದು.

ಪ್ರಾಣಿಗಳನ್ನು ಮನೆಯೊಳಗೆ ಕರೆಯುವುದು ಆಹಾರದ ವಾಸನೆ. ಬಿಗಿ ಮುಚ್ಚಳದ ಗಟ್ಟಿ ಡಬ್ಬಿಗಳು, ದಪ್ಪನೆಯ ಕಸದ ಚೀಲಗಳು ಬೇಕು. ಹಣ್ಣಿನ ಸಿಪ್ಪೆಯನ್ನೂ ಹೊರಗೆಸೆಯದೆ ಕಸವನ್ನೆಲ್ಲ ವಾಪಸು ತನ್ನಿ. ನಮ್ಮ ಎಂಜಲಿನ ರುಚಿ ಹತ್ತಿದ ಪ್ರಾಣಿ ಮುಂದೆ ಬರುವ ಪ್ರತಿ ಕುಟುಂಬದ ಬಾಗಿಲಿಗೂ ಬರುತ್ತದೆ, ಕೊನೆಗೆ ಅದರ ಜೀವಕ್ಕೇ ಸಂಚಕಾರ. ತಲೆಗೆ ಕಟ್ಟುವ ಟಾರ್ಚು ಒಬ್ಬೊಬ್ಬರಿಗೂ ಒಂದಿರಲಿ.

ಪ್ರಶ್ನೆ: ಕೊನೆಯದೊಂದು ಸರ್. ಮಳೆ ಬಂದರೆ ಇದ್ದಿಲ ಒಲೆಯನ್ನು ಒಳಗೆ ಉರಿಸಬಹುದೇ?

ಉತ್ತರ: ಖಂಡಿತ ಕೂಡದು. ಕಿಟಕಿ ತೆರೆದಿಟ್ಟರೂ ಕೂಡದು, ವರಾಂಡದಲ್ಲಿಯೂ ಬೇಡ. ಇದ್ದಿಲು ಉರಿದಾಗ, ಆರುತ್ತಿರುವಾಗಲೂ, ಬಣ್ಣ–ವಾಸನೆಗಳಿಲ್ಲದ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ಮಲಗಿದವರಿಗೆ ಅದರ ಸುಳಿವೇ ಸಿಗುವುದಿಲ್ಲ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಅಂಗೈಯಷ್ಟೇ ದೊಡ್ಡದು, ಅದನ್ನು ಪಟ್ಟಿಗೆ ಸೇರಿಸಿ. ಮಳೆಯ ದಿನಕ್ಕೆಂದು ಗ್ಯಾಸ್ ಒಲೆಯಲ್ಲಿ ಆಗುವ ಅಡುಗೆಯನ್ನೇ ಬರೆದುಕೊಂಡಿರಿ.