ತೊಡೆಗೆ ಬಲ ಬಂದಿದೆ, ಆದರೂ ತಿರುಗುವಾಗ ಮಂಡಿ ಕೈಕೊಡುವುದೇಕೆ?

ಎಡಮಂಡಿ:

ನಮಸ್ಕಾರ. ನಾನು ವಾಲಿಬಾಲ್ ಆಟಗಾರ್ತಿ. ಬ್ಲಾಕ್ ಮಾಡಲು ಹಾರಿ ಒಂದೇ ಕಾಲಿನ ಮೇಲೆ ಇಳಿದಾಗ ಮಂಡಿ ಒಳಕ್ಕೆ ವಾಲಿತು. ‘ಟಪ್’ ಎಂದ ಸದ್ದು ನನಗೇ ಕೇಳಿಸಿತು. ಎಸಿಎಲ್ (ಮಂಡಿಯೊಳಗಿನ ಒಂದು ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಕಟ್ಟು) ಪೂರ್ತಿ ಹರಿದಿದೆ, ಮೆನಿಸ್ಕಸ್ (ಮೂಳೆಗಳ ನಡುವಿನ ಮೆತ್ತೆ) ಸರಿಯಾಗಿದೆ ಎಂದು ಎಂಆರ್‌ಐ ವರದಿ ಬಂತು. ಶಸ್ತ್ರಚಿಕಿತ್ಸೆಗೆ ಅವಸರ ಬೇಡ, ಮೊದಲು ವ್ಯಾಯಾಮ ಮಾಡಿ ನೋಡೋಣ ಎಂದು ವೈದ್ಯರು ಹೇಳಿದ್ದಾರೆ.

ಕೆಲವು ತಿಂಗಳಿನಿಂದ ಶ್ರದ್ಧೆಯಿಂದ ಮಾಡುತ್ತಿದ್ದೇನೆ. ಲೆಗ್ ಪ್ರೆಸ್‌ನಲ್ಲಿ ಎರಡೂ ಕಾಲುಗಳು ಈಗ ಹೆಚ್ಚುಕಡಿಮೆ ಒಂದೇ ಭಾರ ತಳ್ಳುತ್ತವೆ. ನೇರವಾಗಿ ಓಡಿದರೆ ಏನೂ ಆಗುವುದಿಲ್ಲ. ಆದರೆ ಹಿಂದಿನಿಂದ ಯಾರಾದರೂ ಕೂಗಿದಾಗ ಥಟ್ಟನೆ ತಿರುಗಿದರೆ, ಅಥವಾ ಮೆಟ್ಟಿಲು ಮುಗಿಯಿತು ಎಂದುಕೊಂಡ ಕಡೆ ಇನ್ನೊಂದು ಮೆಟ್ಟಿಲಿದ್ದರೆ, ಮಂಡಿ ಕಳಚಿಕೊಂಡಂತೆ ಸರ್ರನೆ ಜಾರುತ್ತದೆ. ಇಷ್ಟು ಬಲ ಬಂದ ಮೇಲೂ ಹೀಗೇಕೆ? ಭಾರವನ್ನು ಇನ್ನೂ ಹೆಚ್ಚಿಸಬೇಕೇ? ಜೊತೆಯ ಆಟಗಾರ್ತಿಯೊಬ್ಬಳು ‘ನಿನ್ನ ಸ್ನಾಯುಗಳ ಟೈಮಿಂಗ್ ಸರಿಯಿಲ್ಲ’ ಎಂದಳು. ಹಾಗೆಂದರೆ ಏನೆಂದು ಯಾರಾದರೂ ಬಿಡಿಸಿ ಹೇಳುತ್ತೀರಾ?

ಹಸಿರು ಮೈದಾನ:

ನಾನು ಫುಟ್‌ಬಾಲ್ ಆಡುವವನು, ಎಸಿಎಲ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದೇನೆ. ನೀಕ್ಯಾಪ್ (ಮಂಡಿಗೆ ತೊಡುವ ಬಟ್ಟೆಯ ಕವಚ) ಹಾಕಿಕೊಂಡರೆ ನನಗೆ ಧೈರ್ಯ ಬರುತ್ತಿತ್ತು, ನೀವೂ ಹಾಕಿ ನೋಡಿ. ಭಾರ ಎತ್ತುವುದನ್ನು ಮಾತ್ರ ಬಿಡಬೇಡಿ.

ನಡಿಗೆ (ಫಿಸಿಯೋಥೆರಪಿಸ್ಟ್):

ಎಡಮಂಡಿಯವರೇ, ನೀವು ಹೇಳಿದ ಎರಡು ಸಂದರ್ಭಗಳನ್ನೇ ಮತ್ತೆ ಓದಿ. ಹಿಂದಿನಿಂದ ಬಂದ ಕೂಗು, ಎಣಿಕೆಯಲ್ಲಿಲ್ಲದ ಮೆಟ್ಟಿಲು. ಎರಡರಲ್ಲೂ ಕಾಲಿಗೆ ಮುನ್ಸೂಚನೆ ಇರಲಿಲ್ಲ. ಲೆಗ್ ಪ್ರೆಸ್‌ನಲ್ಲಿ ಎಷ್ಟು ಭಾರ, ಯಾವ ದಿಕ್ಕು, ಯಾವಾಗ ತಳ್ಳಬೇಕು ಎಲ್ಲವೂ ನಿಮಗೆ ಮೊದಲೇ ಗೊತ್ತು. ಅದು ಸ್ನಾಯು ಎಷ್ಟು ಎಳೆಯಬಲ್ಲದು ಎಂಬುದನ್ನು ಅಳೆಯುತ್ತದೆ. ಯಾವಾಗ ಎಳೆಯುತ್ತದೆ ಎಂಬುದು ಬೇರೆಯೇ ಲೆಕ್ಕ, ಮಂಡಿಯನ್ನು ಕಾಪಾಡುವುದು ಬಹುಮಟ್ಟಿಗೆ ಅದೇ.

ಎಸಿಎಲ್ ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿಯುತ್ತದೆ. ಅಷ್ಟೇ ಅಲ್ಲ, ಅದರೊಳಗೆ ರಫಿನಿ, ಪಾಸಿನಿ ಎಂಬ ನರತುದಿಗಳಿವೆ. ಎಳೆತ ಬಿದ್ದ ಕೂಡಲೇ ಅವು ನರವ್ಯೂಹಕ್ಕೆ ಸುದ್ದಿ ಮುಟ್ಟಿಸುತ್ತವೆ. ಲಿಗಮೆಂಟ್ ಹರಿದಾಗ ಹಿಡಿತವೂ ಹೋಗುತ್ತದೆ, ಸುದ್ದಿಯೂ ನಿಲ್ಲುತ್ತದೆ. ವರದಿಯಲ್ಲಿ ಮೊದಲನೆಯದು ಮಾತ್ರ ಬರೆದಿರುತ್ತದೆ.

ಈಗ ಸಮಯದ ವಿಷಯ. ಆಟದ ವಿಡಿಯೊಗಳನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ನೋಡಿದ ಅಧ್ಯಯನಗಳ ಪ್ರಕಾರ, ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡುಗಳಲ್ಲೇ ಎಸಿಎಲ್ ಹರಿಯುತ್ತದೆ. ಮಂಡಿಯಿಂದ ಬೆನ್ನುಹುರಿಗೆ ಸುದ್ದಿ ಹೋಗಿ, ಅಪ್ಪಣೆ ತಿರುಗಿ ಬರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಅಪ್ಪಣೆ ತಲುಪಿದ ಮೇಲೂ ಸ್ನಾಯುವಿನಲ್ಲಿ ಬಿಗುವು ಏರಲು ಇನ್ನಷ್ಟು ಹತ್ತಾರು ಮಿಲಿಸೆಕೆಂಡುಗಳಾಗುತ್ತವೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ! ಆದ್ದರಿಂದ ಪಾದ ನೆಲಕ್ಕೆ ತಾಗುವ ಮೊದಲೇ ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಎಚ್ಚೆತ್ತಿರಬೇಕು. ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿ ನೋಡಿದರೆ, ಕಾಲು ಇನ್ನೂ ಗಾಳಿಯಲ್ಲಿರುವಾಗಲೇ ಆ ಸ್ನಾಯುವಿನ ಸಂಕೇತ ಏರುವುದು ಪರದೆಯ ಮೇಲೆ ಕಾಣುತ್ತದೆ. ಮೆದುಳು ಅಂದಾಜು ಮಾಡಿ ಮುಂಚಿತವಾಗಿ ಕಳಿಸಿದ ಅಪ್ಪಣೆ ಅದು. ಗಾಯದ ನಂತರ ಈ ಅಂದಾಜೇ ಕೆಡುತ್ತದೆ.

ಪ್ರತಿಕ್ರಿಯೆಯೂ ನಿಧಾನವಾಗುತ್ತದೆ. 1993ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಸಿಎಲ್ ಹರಿದ ಕಾಲಿನ ಹ್ಯಾಮ್‌ಸ್ಟ್ರಿಂಗ್ ಇನ್ನೊಂದು ಕಾಲಿಗಿಂತ ಸುಮಾರು ಎರಡು ಪಟ್ಟು ತಡವಾಗಿ ಓಗೊಟ್ಟಿತು. ತಡವಾದಷ್ಟೂ ಮಂಡಿ ಕೈಕೊಡುವುದೂ ಹೆಚ್ಚಾಗಿತ್ತು. ನಿಮ್ಮ ಗೆಳತಿ ಹೇಳಿದ ಟೈಮಿಂಗ್ ಇದೇ.

ಮೆಟ್ಟಿಲಿನ ಬಗ್ಗೆ ಇನ್ನೊಂದು ಮಾತು. ನೆಲ ಇದೆ ಎಂದುಕೊಂಡು ಇಟ್ಟ ಕಾಲು ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಆ ಸ್ಥಿತಿಯಲ್ಲಿ ಮುಂದೊಡೆಯ, ಅಂದರೆ ತೊಡೆಯ ಮುಂಬದಿಯ, ಕ್ವಾಡ್ರಿಸೆಪ್ಸ್ ಸ್ನಾಯು ಬಿಗಿಯಾದರೆ ಕೆಳಗಿನ ಮೂಳೆಯನ್ನು ಮುಂದಕ್ಕೇ ಎಳೆಯುತ್ತದೆ. ಹ್ಯಾಮ್‌ಸ್ಟ್ರಿಂಗ್‌ನ ಎಳೆತವೋ ಮೂಳೆಯ ಉದ್ದಕ್ಕೇ ಸಾಗುವುದರಿಂದ ಅದು ಹಿಂದಕ್ಕೆ ಹಿಡಿಯಲಾರದು. ಮಂಡಿ ಮಡಚಿದಷ್ಟೂ ಅದರ ಹಿಡಿತ ಹೆಚ್ಚುತ್ತದೆ. ಮುಂದೊಡೆಗೆ ಎಷ್ಟೇ ಬಲ ಬಂದರೂ, ಹಿಂದೊಡೆ ತಡವಾಗಿ ಬಂದರೆ ಅದೇ ಬಲ ಮಂಡಿಗೆ ತಿರುಗಿಬೀಳಬಹುದು. ಹಾಗೆಂದು ಕ್ವಾಡ್ರಿಸೆಪ್ಸ್ ಬಲಪಡಿಸುವುದನ್ನು ಖಂಡಿತ ನಿಲ್ಲಿಸಬೇಡಿ. ಅದಿಲ್ಲದೆ ಇಳಿಯುವಾಗಿನ ಹೊಡೆತವನ್ನು ತಡೆದುಕೊಳ್ಳುವವರೇ ಇಲ್ಲ.

ನೀಕ್ಯಾಪ್ ಚರ್ಮವನ್ನು ಒತ್ತಿ ಮಂಡಿಯ ಅರಿವನ್ನು ತುಸು ಹೆಚ್ಚಿಸುತ್ತದೆ, ಹಸಿರು ಮೈದಾನ ಅವರಿಗೆ ಧೈರ್ಯ ಬಂದದ್ದು ಸಹಜ. ಆದರೆ ಮೂಳೆ ಜಾರುವುದನ್ನು ಬಟ್ಟೆಯ ಕವಚ ತಡೆಯುವುದಿಲ್ಲ. ಅದನ್ನು ನಂಬಿ ಅಂಗಳಕ್ಕೆ ಇಳಿಯಬೇಡಿ.

ಒಂದು ಪ್ರಶ್ನೆ: ಸಂಜೆಯ ಹೊತ್ತಿಗೆ ಮಂಡಿ ಊದುತ್ತದೆಯೇ?

ಎಡಮಂಡಿ:

ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಊತ ಕಣ್ಣಿಗೆ ಕಾಣುವಷ್ಟಿಲ್ಲ, ಆದರೆ ಓಡಿದ ದಿನ ಮಂಡಿ ತುಂಬಿಕೊಂಡಂತೆ ಅನಿಸುತ್ತದೆ. ಟೈಮಿಂಗ್ ಅನ್ನು ತರಬೇತಿಯಿಂದ ಮರಳಿ ಪಡೆಯಬಹುದೇ? ಅಥವಾ ಶಸ್ತ್ರಚಿಕಿತ್ಸೆಯೇ ದಾರಿಯೇ? ಇನ್ನೊಂದು ಮಾತು, ಜಾರುವ ಭಯಕ್ಕೆ ಈಗೀಗ ಮಂಡಿಯನ್ನು ಬಿಗಿಹಿಡಿದೇ ನಡೆಯುತ್ತಿದ್ದೇನೆ. ಅದು ಸರಿಯೇ?

ನಡಿಗೆ (ಫಿಸಿಯೋಥೆರಪಿಸ್ಟ್):

ಬಿಗಿಹಿಡಿದು ನಡೆಯುವುದನ್ನು ಬಿಡಿಸಬೇಕು. ಮುಂದಿನ, ಹಿಂದಿನ ಸ್ನಾಯುಗಳೆರಡೂ ಸದಾ ಎಳೆದುಕೊಂಡಿದ್ದರೆ ಮಂಡಿ ಮಡಚುವುದೇ ಕಡಿಮೆಯಾಗುತ್ತದೆ, ಕಾರ್ಟಿಲೇಜ್ (ಕೀಲಿನ ಮೃದ್ವಸ್ಥಿ) ಮೇಲೆ ಒತ್ತಡ ಏರುತ್ತದೆ. ಅನಿರೀಕ್ಷಿತವಾಗಿ ತಿರುಗಬೇಕಾದಾಗ ಅದರಿಂದ ಪ್ರಯೋಜನವೂ ಇಲ್ಲ.

ಟೈಮಿಂಗ್ ಖಂಡಿತ ಕಲಿಯಬಹುದಾದದ್ದು. ಅದಕ್ಕಾಗಿಯೇ ಪರ್ಟರ್ಬೇಷನ್ ತರಬೇತಿ ಎಂಬುದಿದೆ, ಅಂದರೆ ಬೇಕೆಂದೇ ಸಮತೋಲ ಕೆಡಿಸಿ ಕಲಿಸುವುದು. ಚಕ್ರವಿರುವ ಹಲಗೆಯ ಮೇಲೆ ಮಂಡಿಯನ್ನು ತುಸು ಮಡಚಿ ನಿಲ್ಲಿಸುತ್ತೇನೆ, ನನ್ನ ಪಾದದಿಂದ ಹಲಗೆಯನ್ನು ನೂಕುತ್ತೇನೆ. ಮೊದಮೊದಲು ಯಾವ ಕಡೆಗೆ ಎಂದು ಹೇಳಿ ನೂಕುತ್ತೇನೆ, ಆಮೇಲೆ ಹೇಳುವುದಿಲ್ಲ. ಆರಂಭದಲ್ಲಿ ಎಲ್ಲರೂ ಮಾಡುವುದು ಒಂದೇ: ನೂಕುವ ಮೊದಲೇ ಇಡೀ ಕಾಲನ್ನು ಬಿಗಿಹಿಡಿಯುತ್ತಾರೆ. ಹಿಂದೊಡೆಯ ಮೇಲೆ ಕೈಯಿಟ್ಟರೆ ಗೊತ್ತಾಗುತ್ತದೆ, ಹೊರಬದಿಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ತಂತಿಯಂತೆ ಸೆಟೆದಿರುತ್ತದೆ. ಸಡಿಲ ಬಿಡಿ, ಹಲಗೆ ಸರಿದಷ್ಟಕ್ಕೆ ಮಾತ್ರ ಉತ್ತರ ಕೊಡಿ ಎಂದು ಹೇಳಿ ಹೇಳಿ ಅಭ್ಯಾಸ ಮಾಡಿಸಬೇಕು. ಸ್ನಾಯು ಬೇಕಾದ ಕ್ಷಣಕ್ಕೆ ಬಿಗಿದು ಮರುಕ್ಷಣ ಸಡಿಲವಾಗುವುದು ಕೈಗೆ ಸಿಕ್ಕಿದ ದಿನ ನನಗಾಗುವ ಸಂತೋಷ ಅಷ್ಟಿಷ್ಟಲ್ಲ.

ಆಮೇಲೆ ಕಣ್ಣನ್ನು ಮಂಡಿಯಿಂದ ಬಿಡಿಸಬೇಕು. ಮಂಡಿಯಿಂದ ಬರುವ ಸುದ್ದಿ ಕಡಿಮೆಯಾದಾಗ ಮೆದುಳು ಕಣ್ಣನ್ನು ಹೆಚ್ಚು ನೆಚ್ಚಿಕೊಳ್ಳುತ್ತದೆ, ವಾಲಿಬಾಲ್‌ನಲ್ಲಿ ಕಣ್ಣು ಚೆಂಡಿನ ಮೇಲಿರಬೇಕಲ್ಲವೇ? ಹಾಗಾಗಿ ಹಲಗೆಯ ಮೇಲೆ ನಿಂತೇ ಚೆಂಡು ಹಿಡಿಯುವುದು, ಲೆಕ್ಕ ಹೇಳುವುದು. ಹಾರಿ ಇಳಿಯುವ ಅಭ್ಯಾಸದಲ್ಲಿ ನಾನು ಕೊಡುವ ಸೂಚನೆ ಒಂದೇ, ಸದ್ದಾಗದಂತೆ ಇಳಿಯಿರಿ. ಸದ್ದು ತಗ್ಗಿಸಲು ಹೋದಾಗ ಸೊಂಟ, ಮಂಡಿ ತಾವಾಗಿಯೇ ಮಡಚಿಕೊಳ್ಳುತ್ತವೆ. ಇವನ್ನೆಲ್ಲ ಮನೆಯಲ್ಲಿ ಒಬ್ಬರೇ ಶುರುಮಾಡಬೇಡಿ, ಪಕ್ಕದಲ್ಲಿ ತಿಳಿದವರಿರಲಿ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಸ್ವೀಡನ್ನಿನ ಒಂದು ಅಧ್ಯಯನ ಮುಖ್ಯವಾದುದು. 121 ಯುವ, ಚಟುವಟಿಕೆಯ ಜನರಲ್ಲಿ ಕೆಲವರಿಗೆ ಬೇಗನೆ ಶಸ್ತ್ರಚಿಕಿತ್ಸೆ ಮತ್ತು ವ್ಯಾಯಾಮ, ಉಳಿದವರಿಗೆ ಮೊದಲು ವ್ಯಾಯಾಮ, ಬೇಕೆನಿಸಿದರೆ ಆಮೇಲೆ ಶಸ್ತ್ರಚಿಕಿತ್ಸೆ. 2010ರಲ್ಲಿ ಪ್ರಕಟವಾದ ಎರಡು ವರ್ಷಗಳ ಫಲಿತಾಂಶದಲ್ಲಿ, ನೋವು, ಆಟ, ದಿನನಿತ್ಯದ ಓಡಾಟದ ಬಗ್ಗೆ ಎರಡೂ ಗುಂಪಿನವರು ಹೇಳಿದ್ದರಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ವ್ಯಾಯಾಮದ ಗುಂಪಿನಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಆ ಹೊತ್ತಿಗೆ ಶಸ್ತ್ರಚಿಕಿತ್ಸೆಗೆ ಹೋಗಿದ್ದರು. ಐದು ವರ್ಷಕ್ಕೆ ಆ ಗುಂಪಿನ ಸುಮಾರು ಅರ್ಧದಷ್ಟು ಜನ ಹೋಗಿದ್ದರು. ನಿಮ್ಮ ವೈದ್ಯರ ಸಲಹೆ ಸರಿಯಾಗಿಯೇ ಇದೆ. ಆದರೆ ಮಂಡಿ ಪದೇಪದೇ ಜಾರುತ್ತಿದೆ ಎಂಬುದು ಅವರಿಗೆ ತಿಳಿಯಲೇಬೇಕು. ಒಂದೊಂದು ಜಾರುವಿಕೆಯೂ ಈಗ ಸರಿಯಾಗಿರುವ ಮೆನಿಸ್ಕಸ್ ಅನ್ನು ಹರಿಯಬಹುದು. ತರಬೇತಿಯ ನಂತರವೂ ನಿಲ್ಲದಿದ್ದರೆ, ಹಾರಿ ತಿರುಗುವ ಆಟಕ್ಕೇ ಮರಳಬೇಕೆಂದಿದ್ದರೆ, ಶಸ್ತ್ರಚಿಕಿತ್ಸೆಯ ಕಡೆ ತಕ್ಕಡಿ ವಾಲುತ್ತದೆ.

ಹಸಿರು ಮೈದಾನ:

ನೀಕ್ಯಾಪ್ ವಿಷಯ ಅರ್ಥವಾಯಿತು. ನನ್ನದೊಂದು ಪ್ರಶ್ನೆ. ಹೊಸ ಲಿಗಮೆಂಟ್ ಹಾಕಿದವರಿಗೆ ಈ ತೊಂದರೆ ಇರುವುದಿಲ್ಲವಲ್ಲವೇ? ನನ್ನ ಹಿಂದೊಡೆಯ ರಜ್ಜುವನ್ನೇ ತೆಗೆದು ಹಾಕಿದ್ದಾರೆ. ಅಲುಗಾಡುವ ಹಲಗೆಯ ಮೇಲೆ ಚೆನ್ನಾಗಿಯೇ ನಿಲ್ಲುತ್ತೇನೆ.

ನಡಿಗೆ (ಫಿಸಿಯೋಥೆರಪಿಸ್ಟ್):

ಇರುತ್ತದೆ. ಹೊಸ ರಜ್ಜು ಮೂಳೆಯನ್ನು ಹಿಡಿಯುತ್ತದೆ, ಆದರೆ ಹಳೆಯ ಲಿಗಮೆಂಟಿನ ನರತುದಿಗಳು ಅದರ ಜೊತೆ ಬರುವುದಿಲ್ಲ. ನಿಮ್ಮಲ್ಲಂತೂ ಕಾವಲಿಗೆ ಬೇಕಾದ ಹ್ಯಾಮ್‌ಸ್ಟ್ರಿಂಗ್‌ನಿಂದಲೇ ರಜ್ಜು ತೆಗೆದಿದ್ದಾರೆ, ಹಿಂದೊಡೆಗೆ ಇನ್ನೂ ಹೆಚ್ಚಿನ ಆರೈಕೆ ಬೇಕು. ಹಲಗೆಯ ಮೇಲೆ ನಿಲ್ಲಲು ಬರುವುದೂ ಎದುರಾಳಿ ಮೈಮೇಲೆ ಬಂದಾಗ ತಿರುಗಲು ಬರುವುದೂ ಒಂದೇ ಅಲ್ಲ. ಶಸ್ತ್ರಚಿಕಿತ್ಸೆಯಾಗಿ ಒಂಬತ್ತು ತಿಂಗಳಾಗುವ ಮೊದಲು ಪಂದ್ಯಕ್ಕೆ ಇಳಿಯಬೇಡಿ. ಆಗಲೂ ಬಲದಲ್ಲಿ, ಒಂಟಿಕಾಲಿನ ಜಿಗಿತದಲ್ಲಿ ಆ ಕಾಲು ಇನ್ನೊಂದರ ಶೇಕಡಾ 90 ಆದರೂ ಮುಟ್ಟಿರಬೇಕು. ಜಿಗಿತದ ದೂರವನ್ನಷ್ಟೇ ಅಳೆಯದೆ ಇಳಿಯುವ ರೀತಿಯನ್ನು ವಿಡಿಯೊ ಮಾಡಿ ನಿಧಾನಗತಿಯಲ್ಲಿ ನೋಡಿ.

ಎಡಮಂಡಿಯವರೇ, ಎಲ್ಲಕ್ಕಿಂತ ಮೊದಲು ಊತ ಪರೀಕ್ಷಿಸಿಕೊಳ್ಳಿ. ಕಾಲು ಚಾಚಿ ಸಡಿಲವಾಗಿ ಮಲಗಿ. ಮಂಡಿಯ ಒಳಬದಿಯಿಂದ ತೊಡೆಯ ಕಡೆಗೆ ಅಂಗೈಯಿಂದ ಎರಡು ಮೂರು ಸಲ ಮೇಲಕ್ಕೆ ನೀವಿ. ಆಮೇಲೆ ಹೊರಬದಿಯಲ್ಲಿ, ಮಂಡಿಚಿಪ್ಪಿನ ಮೇಲಿನಿಂದ ಕೆಳಕ್ಕೆ ಒಂದು ಸಲ ನೀವಿ. ಒಳಬದಿಯ ಗುಳಿಯಲ್ಲಿ ಸಣ್ಣ ಅಲೆ ಎದ್ದರೆ ಒಳಗೆ ದ್ರವವಿದೆ. ಕೀಲಿನಲ್ಲಿ 20–30 ಮಿಲಿಲೀಟರ್ ದ್ರವ ಸೇರಿದರೂ ಸಾಕು, ಮಂಡಿಚಿಪ್ಪಿನ ಮೇಲೆ ಒಳಬದಿಗಿರುವ ಸ್ನಾಯುವಿಗೆ ಹೋಗುವ ಅಪ್ಪಣೆ ಕುಗ್ಗುತ್ತದೆ. ನೀವು ಎಷ್ಟು ಮನಸ್ಸಿಟ್ಟು ಮಾಡಿದರೂ ಆ ಸ್ನಾಯು ಪೂರ್ತಿ ಎಚ್ಚರಗೊಳ್ಳುವುದಿಲ್ಲ.

ಎಡಮಂಡಿ:

ಓಡಿ ಬಂದ ಮೇಲೆ ಮಾಡಿ ನೋಡಿದೆ. ಅಲೆ ಕಾಣಿಸಿತು, ಸಣ್ಣದು. ಬೆಳಿಗ್ಗೆ ಎದ್ದಾಗ ಇರಲಿಲ್ಲ.

ನಡಿಗೆ (ಫಿಸಿಯೋಥೆರಪಿಸ್ಟ್):

ಹಾಗಾದರೆ ನೀವು ಓಡುತ್ತಿರುವ ದೂರ ಸದ್ಯಕ್ಕೆ ಮಂಡಿಗೆ ಹೆಚ್ಚಾಯಿತು. ಓಟವನ್ನು ನಿಲ್ಲಿಸಿ ಸೈಕಲ್ ತುಳಿಯಿರಿ, ಹಾರುವುದಂತೂ ಈಗ ಬೇಡ. ಭಾರದ ವ್ಯಾಯಾಮ ಮುಂದುವರಿಯಲಿ, ಆದರೆ ಮಾಡಿದ ದಿನ ಸಂಜೆ ಇದೇ ಪರೀಕ್ಷೆ ಮಾಡಿ, ಅಲೆ ಎದ್ದರೆ ಮರುದಿನ ಭಾರ ತಗ್ಗಿಸಿ. ಸಂಜೆಯೂ ಅಲೆ ಏಳದಂತಾದ ಮೇಲೆ ಹಲಗೆಯ ಅಭ್ಯಾಸ ಶುರುಮಾಡಲು ನಿಮ್ಮ ಫಿಸಿಯೋಥೆರಪಿಸ್ಟ್ ಅವರನ್ನು ಕೇಳಿ. ವೈದ್ಯರನ್ನು ಕಾಣುವಾಗ ಮಂಡಿ ಯಾವ ಯಾವ ಸಂದರ್ಭದಲ್ಲಿ ಜಾರಿತು ಎಂದು ಬರೆದುಕೊಂಡು ಹೋಗಿ, ಇಲ್ಲಿ ಬರೆದಷ್ಟೇ ಸ್ಪಷ್ಟವಾಗಿ.